ಏಡಿಯ ನಾತ ಹೋಗಿದ್ದು ಹೀಗೆ

ಟ್ಯಾಕ್ಸಿಡರ್ಮಿ, ಅಂದರೆ ಸತ್ತ ಪ್ರಾಣಿಯನ್ನು ಕೆಡದಂತೆ ಮಾಡಿ ಜೀವಂತ ಇದ್ದಂತೆ ನಿಲ್ಲಿಸಿಡುವ ವಿದ್ಯೆ, ಕಲಿಯುವ ಆಸೆ ನನಗೆ ಬಹಳ ದಿನದಿಂದ ಇತ್ತು. ಆದರೆ ನವಿಲಿನಂಥ ಪ್ರಾಣಿ ತಾನಾಗೇ ಸತ್ತು ಬಿದ್ದಿದ್ದರೂ ಮನೆಗೆ ತರುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಅದಕ್ಕೇ ಕಾರವಾರದ ಮೀನು ಮಾರ್ಕೆಟ್‌ನಿಂದ ಒಂದು ದೊಡ್ಡ ಏಡಿ ತಂದೆ.

ಇಡೀ ಏಡಿಯನ್ನು ಹಾಗೇ ಬಿಸಿಲಿಗಿಟ್ಟೆ. ಮೂರನೇ ದಿನ ಇರುವೆ ಸಾಲು, ತಡೆಯಲಾಗದ ನಾತ. 'ಇದನ್ನ ಹೊರಗೆ ಒಗಿ ಮಾರಾಯಾ' ಅಂದರು ಆಯಿ. ಎರಡನೆಯದನ್ನು ಕುದಿಸಿದೆ. ನಾತ ಕಡಿಮೆಯಾಯಿತು, ಆದರೆ ಹಸಿರು ಚಿಪ್ಪು ಕೆಂಪಾಯಿತು. ಕಾವಿಗೆ ಚಿಪ್ಪಿನ ಪ್ರೋಟೀನ್ ಒಡೆದು ಒಳಗಿನ ಕೆಂಪು ಬಣ್ಣ ಹೊರಬರುತ್ತದೆ. ಸಾರಿಗೆ ಸರಿ, ಶೋಕೇಸಿಗೆ ಅಲ್ಲ!

ತಪ್ಪು ಇದ್ದದ್ದು ಒಳಗೆ. ಚಿಪ್ಪಿನೊಳಗೆ ಮಾಂಸ ಉಳಿದರೆ ಅದು ಕೊಳೆಯಲೇಬೇಕು, ಅಲ್ವಾ? ಮೂರನೆಯದರ ಮೇಲಿನ ಚಿಪ್ಪನ್ನು ಹಿಂದಿನಿಂದ ಎತ್ತಿ, ಕಿವಿರು, ಮಾಂಸ ಎಲ್ಲ ಕೆರೆದು ತೆಗೆದೆ. ಇಕ್ಕಳದಂಥ ದೊಡ್ಡ ಕೊಂಬುಗಳನ್ನು ಬಿಚ್ಚಿ, ಕೀಲಿನ ಕಡೆಯಿಂದ ಬಾಗಿಸಿದ ತಂತಿ ತೂರಿಸಿ ಒಳಗನ್ನು ಖಾಲಿ ಮಾಡಿದೆ. ಇದಕ್ಕೇ ಒಂದು ಮಧ್ಯಾಹ್ನ ಹೋಯಿತು. ಸಣ್ಣ ಕಾಲುಗಳ ಮಾಂಸ ತೆಗೆಯಲಾಗಲಿಲ್ಲ, ಅಲ್ಲಿಗೆ ಸಿರಿಂಜ್‌ನಿಂದ ಸ್ಪಿರಿಟ್ ಬಿಟ್ಟೆ. ಉಳಿದದ್ದನ್ನೂ ಸ್ಪಿರಿಟ್‌ನಲ್ಲಿ ನೆನೆಸಿ, ಒಳಗೆ ಬೊರಾಕ್ಸ್ (ಬಿಳಿಗಾರ) ಪುಡಿ ಉದುರಿಸಿ, ಥರ್ಮಾಕೋಲ್ ಮೇಲೆ ಗುಂಡುಸೂಜಿಯಿಂದ ಕಾಲು ನಿಲ್ಲಿಸಿ, ಫ್ಯಾನಿನ ಕೆಳಗೆ ನೆರಳಲ್ಲಿ ಒಣಗಿಸಿದೆ. ಆಮೇಲೆ ಅಂಟು, ವಾರ್ನಿಷ್.

ನಮ್ಮ ಮಳೆಗಾಲದಲ್ಲಿ ಮಾತ್ರ ಸುಮ್ನೆ ಕೈ ಹಾಕಬೇಡಿ, ಬೂಸ್ಟು ಬಿಡುವುದಿಲ್ಲ. ನಾನು ಮಾಡಿದ್ದು ಜನವರಿಯಲ್ಲಿ. ಈಗ ಏಡಿ ಟಿವಿ ಪಕ್ಕದಲ್ಲಿದೆ, ಆಯಿ ಧೂಳು ಕೂಡ ಒರೆಸುತ್ತಾರೆ.