ಬೆರಳು ಒಪ್ಪುವ ಉಡುಗೊರೆ: ದೃಷ್ಟಿದೋಷವಿರುವ ಮಗುವಿಗೆ ಹಬ್ಬದ ಆಟಿಕೆ ಆರಿಸುವ ಬಗೆ

ದಸರೆಯಲ್ಲಿ ಬೊಂಬೆ ಕೂರಿಸುವ ಮನೆಗಳಿಗೆ ಹೋದ ಮಕ್ಕಳ ಕಿವಿಗೆ ಮೊದಲು ಬೀಳುವ ಮಾತು ‘ಮುಟ್ಟಬೇಡ’ ಎಂಬುದು. ಕಣ್ಣು ಕಾಣುವ ಮಗು ನೋಡಿಯಾದರೂ ನಲಿಯುತ್ತದೆ. ಕಾಣದ ಮಗುವಿಗೆ ಆ ಒಂದು ಮಾತಿನಿಂದ ಹಬ್ಬವೇ ಮುಗಿದುಹೋಗುತ್ತದೆ. ಆದ್ದರಿಂದ ದಸರೆ ಅಥವಾ ದೀಪಾವಳಿಯ ರಜೆಗೆ ಇಂಥ ಮಗುವಿಗೆ ಉಡುಗೊರೆ ಕೊಳ್ಳುವವರು ಅಂಗಡಿಯಲ್ಲಿಯೇ ಕಣ್ಣು ಮುಚ್ಚಿಕೊಂಡು ಆ ವಸ್ತುವನ್ನು ಒಂದು ನಿಮಿಷ ಬೆರಳುಗಳಿಂದ ತಡವಿ ನೋಡಬೇಕು. ಕೈಗೆ ಏನನ್ನೂ ಹೇಳದ ವಸ್ತು ಎಷ್ಟೇ ಬೆಲೆಬಾಳಲಿ, ಅದನ್ನು ಅಲ್ಲಿಯೇ ಬಿಟ್ಟು ಬರುವುದು ಲೇಸು.

ಅದಕ್ಕೂ ಮೊದಲು ಮಗುವಿಗೆ ಎಷ್ಟು ಕಾಣಿಸುತ್ತದೆ, ಯಾವ ಸ್ಪರ್ಶ ಹಿತವೆನಿಸುತ್ತದೆ, ಯಾವುದಕ್ಕೆ ಅದು ಕೈ ಹಿಂದೆಳೆದುಕೊಳ್ಳುತ್ತದೆ ಎಂಬುದನ್ನು ತಂದೆತಾಯಿಯರಲ್ಲಿ ವಿಚಾರಿಸಬೇಕು. ದೃಷ್ಟಿದೋಷವಿರುವ ಮಕ್ಕಳಲ್ಲಿ ಅನೇಕರಿಗೆ ಸ್ವಲ್ಪ ದೃಷ್ಟಿ ಉಳಿದಿರುತ್ತದೆ. ಅಂಥವರಿಗೆ ಕಪ್ಪಿನ ಮೇಲೆ ಹಳದಿಯಂತೆ ಎದ್ದುಕಾಣುವ ಬಣ್ಣಗಳು ನೆರವಾಗುತ್ತವೆ. ಬೆಳಕನ್ನು ಪ್ರತಿಫಲಿಸುವ ಹೊಳಪು ಮೇಲ್ಮೈ ತೊಂದರೆ ಕೊಡುತ್ತದೆ.

ಕಾಣದ ಮಗು ಎಂದೊಡನೆ ಸದ್ದು ಮಾಡುವ ಆಟಿಕೆಯನ್ನೇ ಕೊಳ್ಳುವುದು ಎಲ್ಲರ ರೂಢಿ. ಗುಂಡಿ ಒತ್ತಿದರೆ ಒಂದೇ ರಾಗ ಹಾಡುವ ಪ್ಲಾಸ್ಟಿಕ್ ಪೆಟ್ಟಿಗೆಯಿಂದ ಮಗು ಕಲಿಯುವುದು ಅತ್ಯಲ್ಪ. ಅದರ ಬದಲು ತಾನು ಬಡಿದರೆ, ಅಲ್ಲಾಡಿಸಿದರೆ, ಬೀಳಿಸಿದರೆ ಬೇರೆಬೇರೆಯಾಗಿ ನುಡಿಯುವ ತಾಳ, ಗೆಜ್ಜೆ, ಗಿಲಕಿಗಳಲ್ಲಿ ಸದ್ದಿಗೂ ತನ್ನ ಕೈಗೂ ಇರುವ ನಂಟು ಅದಕ್ಕೆ ತಿಳಿಯುತ್ತದೆ. ಅಂಗೈಯಗಲದ ಪ್ಲಾಸ್ಟಿಕ್ ಆನೆ, ವಿಮಾನಗಳೂ ಇಂಥದೇ ತಪ್ಪು ಆಯ್ಕೆ. ಅವುಗಳ ಹೋಲಿಕೆಯೆಲ್ಲ ಕಣ್ಣಿಗೆ ಮಾತ್ರ; ನಿಜವಾದ ಆನೆಯನ್ನು ಎಂದೂ ಮುಟ್ಟದ ಮಗುವಿಗೆ ಅದು ನಾಲ್ಕು ಕಾಲಿನ ನುಣುಪಾದ ತುಂಡಷ್ಟೇ. ಬದಲಾಗಿ ಪುಟ್ಟ ಲಟ್ಟಣಿಗೆ ಮತ್ತು ಮಣೆ, ಸ್ಟೀಲಿನ ಚಿಕ್ಕ ಪಾತ್ರೆಗಳನ್ನು ಕೊಟ್ಟರೆ ಅಡುಗೆಮನೆಯಲ್ಲಿ ಅಮ್ಮನ ಪಕ್ಕದಲ್ಲೇ ಆಟ ಶುರುವಾಗುತ್ತದೆ.

ಚನ್ನಪಟ್ಟಣದ ಮರದ ಆಟಿಕೆಗಳು ಅರಗಿನ ನುಣುಪಿನಿಂದಾಗಿ ಕೈಗೆ ಹಿತವಾಗಿರುತ್ತವೆ. ಅವುಗಳಲ್ಲಿ ಗಾತ್ರಕ್ಕೆ ತಕ್ಕಂತೆ ಒಂದರ ಮೇಲೊಂದು ಪೋಣಿಸುವ ಬಳೆಗಳನ್ನು ಆರಿಸಬಹುದು. ಬಣ್ಣದಿಂದ ಮಾತ್ರ ಬೇರೆಯಾಗುವ, ಒಂದೇ ಅಳತೆಯ ತುಂಡುಗಳು ಬೇಡ.

ಸ್ವಲ್ಪ ದೊಡ್ಡ ಮಗುವಾದರೆ ನನ್ನ ಮೊದಲ ಆಯ್ಕೆ ಅಳಗುಳಿ ಮಣೆ. ಎರಡು ಸಾಲುಗಳಲ್ಲಿ ಏಳೇಳರಂತೆ ಒಟ್ಟು 14 ಗುಳಿಗಳು, ಅವುಗಳಲ್ಲಿ ಹುಣಸೆಬೀಜ. ಮುಟ್ಟಿ, ಎಣಿಸಿ, ಹಂಚುತ್ತ ಹೋಗುವ ಈ ಆಟಕ್ಕೆ ಯಾವ ಮಾರ್ಪಾಡೂ ಬೇಕಿಲ್ಲ, ಕಣ್ಣು ಕಾಣುವ ಅಜ್ಜಿಗೂ ಕಾಣದ ಮೊಮ್ಮಗಳಿಗೂ ಅದು ಸಮಬಲದ ಪಂದ್ಯ. ಚೌಕಾಬಾರವನ್ನು ಮನೆಯಲ್ಲಿಯೇ ಹೊಂದಿಸಿಕೊಡಬಹುದು. ದಪ್ಪ ರಟ್ಟಿನ ಮೇಲೆ 25 ಮನೆಗಳ ಗೆರೆಗಳ ಉದ್ದಕ್ಕೂ ಹುರಿಯನ್ನು ಅಂಟಿಸಿ, ಕಟ್ಟೆಯ ಮನೆಗಳಲ್ಲಿ ದಾರದಿಂದಲೇ ಅಡ್ಡಗುರುತು ಮಾಡಬೇಕು. ಒಬ್ಬರಿಗೆ ಬಳೆಚೂರಿನ ಬದಲು ಗುಂಡಿ, ಇನ್ನೊಬ್ಬರಿಗೆ ಹುಣಸೆಬೀಜ, ಮತ್ತೊಬ್ಬರಿಗೆ ಕಲ್ಲು ಎಂದು ಕಾಯಿಗಳನ್ನು ಬೇರೆಬೇರೆ ವಸ್ತುವಿನಲ್ಲಿ ಇಟ್ಟರೆ ಗೊಂದಲವಾಗದು. ಕವಡೆ ಅಂಗಾತ ಬಿದ್ದಿದೆಯೇ ಬೋರಲಾಗಿದೆಯೇ ಎಂಬುದು ಬೆರಳಿಗೆ ತಾನಾಗಿಯೇ ತಿಳಿಯುತ್ತದೆ. ಮೂರು ವರ್ಷದೊಳಗಿನ ಮಗುವಿರುವ ಮನೆಗೆ ಬೀಜ, ಗುಂಡಿಗಳಂಥ ಸಣ್ಣ ಕಾಯಿಗಳು ಅಪಾಯಕಾರಿ. ಚದುರಂಗ ಕೊಡುವುದಾದರೆ ಕಾಯಿಗಳನ್ನು ರಂಧ್ರಗಳಿಗೆ ಸಿಕ್ಕಿಸುವ, ಕಪ್ಪು ಬಿಳಿ ಮನೆಗಳು ಎತ್ತರದಲ್ಲಿ ಬೇರೆಯಾಗುವ ಮಣೆಯನ್ನೇ ಹುಡುಕಬೇಕು.

ಬಯಲಿನ ಆಟ ಇಷ್ಟಪಡುವ ಮಗುವಿಗೆ ಒಳಗೆ ಗುಂಡುಗಳಿರುವ, ಉರುಳಿದಾಗ ಗಲಗಲ ಎನ್ನುವ ಅಂಧರ ಕ್ರಿಕೆಟ್ ಚೆಂಡು ತಕ್ಕ ಉಡುಗೊರೆ. 2012ರಲ್ಲಿ ಬೆಂಗಳೂರಿನಲ್ಲಿ ನಡೆದ ಅಂಧರ ಟಿ20 ವಿಶ್ವಕಪ್ಪನ್ನು ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್ ಅವರ ನಾಯಕತ್ವದಲ್ಲಿ ಭಾರತ ಗೆದ್ದ ಕಥೆಯನ್ನೂ ಚೆಂಡಿನ ಜೊತೆಗೆ ಹೇಳಬಹುದು. ಚೆಂಡು ಸಿಗದಿದ್ದರೆ ಸಾಮಾನ್ಯ ಚೆಂಡನ್ನೇ ಸರಸರ ಸದ್ದು ಮಾಡುವ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದರೂ ಕೆಲಸ ನಡೆಯುತ್ತದೆ. ಚೀಲ ಮಾತ್ರ ಚಿಕ್ಕ ಮಕ್ಕಳ ಕೈಗೆ ಬಿಡಿಯಾಗಿ ಸಿಗಬಾರದು.

ಉಬ್ಬುಚುಕ್ಕಿಗಳನ್ನು ಬೆರಳಿನಿಂದ ಮುಟ್ಟಿ ಓದುವ ಬ್ರೈಲ್ ಲಿಪಿ ಕಲಿಯುತ್ತಿರುವ ಮಗುವಿಗೆ ಬ್ರೈಲ್ ಚುಕ್ಕಿಗಳಿರುವ ಊನೋ ಎಂಬ ಇಸ್ಪೀಟಿನಂಥ ಆಟದ ಎಲೆಗಳು ಸೊಗಸಾದ ಆಯ್ಕೆ. 2019ರಿಂದ ಅವು ಲಭ್ಯವಿವೆ. ಅಣ್ಣನೋ ಅಕ್ಕನೋ ಬ್ರೈಲ್ ಸ್ಲೇಟು (ಚುಕ್ಕಿ ಚುಚ್ಚಲು ಕಾಗದವನ್ನು ಹಿಡಿದಿಡುವ ಚೌಕಟ್ಟು) ಮತ್ತು ಮೊನೆಕಡ್ಡಿ ಹಿಡಿದು ದಪ್ಪ ಕಾಗದದ ಮೇಲೆ ಮಗುವಿನ ಹೆಸರನ್ನು ಬರೆದು ಉಡುಗೊರೆಗೆ ಅಂಟಿಸಿದರೆ ಇನ್ನೂ ಚೆನ್ನ. ಬಲದಿಂದ ಎಡಕ್ಕೆ ಚುಚ್ಚಿ, ಕಾಗದ ಮಗುಚಿ, ಎಡದಿಂದ ಬಲಕ್ಕೆ ಓದಬೇಕು ಎಂಬುದನ್ನು ಮಾತ್ರ ಅವರು ಮರೆಯಬಾರದು.

ಕೊಡುವಾಗ ಮಗುವಿನ ಕೈಯನ್ನು ಹಿಡಿದೆಳೆದು ವಸ್ತುವಿನ ಮೇಲೆ ಇಡುವುದು ಸರಿಯಲ್ಲ. ನಿಮ್ಮ ಕೈ ಕೆಳಗಿರಲಿ, ಮಗುವಿನ ಕೈ ಅದರ ಮೇಲಿರಲಿ. ಬೇಡವೆನಿಸಿದಾಗ ಕೈ ತೆಗೆಯುವ ಸ್ವಾತಂತ್ರ್ಯ ಮಗುವಿಗೇ ಉಳಿಯುತ್ತದೆ. ಕಾಯಿಗಳಿರುವ ಆಟವಾದರೆ ಅಂಚು ಎತ್ತರವಿರುವ ತಟ್ಟೆಯೊಂದನ್ನು ಜೊತೆಗೆ ಸೇರಿಸಿ, ಇಲ್ಲವಾದರೆ ಮಂಚದಡಿಗೆ ಉರುಳಿದ ಹುಣಸೆಬೀಜವನ್ನು ತಡಕುವುದರಲ್ಲೇ ರಜೆಯ ಮಧ್ಯಾಹ್ನ ಕಳೆದುಹೋಗುತ್ತದೆ.