ಡ್ರೋನ್ ಚಾರ್ಜರ್‌ಗೆ 24 ವೋಲ್ಟಿನ ಪವರ್ ಸಪ್ಲೈ: ಕಲಬುರಗಿಯಲ್ಲಿ ನನ್ನ ಅನುಭವ

ನನ್ನ ಡ್ರೋನ್ ಬ್ಯಾಟರಿಗಳಿಗೆ ಇರುವುದು ಡಿಸಿ ಚಾರ್ಜರ್. ಗೋಡೆಯ ಪ್ಲಗ್ಗಿಗೆ ನೇರವಾಗಿ ಹಾಕಲು ಬರುವುದಿಲ್ಲ, ನಡುವೆ ಗೋಡೆಯ ಎಸಿ ಕರೆಂಟನ್ನು ಡಿಸಿ ಮಾಡಿಕೊಡುವ ಒಂದು ಪವರ್ ಸಪ್ಲೈ ಬೇಕೇ ಬೇಕು. ಚಾರ್ಜರಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿದೆ: 300 ವ್ಯಾಟ್, ಇನ್‌ಪುಟ್ 7ರಿಂದ 28 ವೋಲ್ಟ್, ಹೆಚ್ಚೆಂದರೆ 12 ಆಂಪ್. ಯಾವ ಪವರ್ ಸಪ್ಲೈ ತರಬೇಕು ಅಂತ ನಾನು ಗೊತ್ತು ಮಾಡಿದ್ದು ಇದನ್ನು ಓದಿಯೇ.

12 ವೋಲ್ಟ್ ಕೊಟ್ಟರೆ 12 ಆಂಪಿಗೆ 144 ವ್ಯಾಟ್ ಅಷ್ಟೇ. 300 ವ್ಯಾಟಿನ ಚಾರ್ಜರ್ ಅರ್ಧ ಕೆಲಸವನ್ನೂ ಮಾಡುವುದಿಲ್ಲ. 24 ವೋಲ್ಟ್ ಕೊಟ್ಟರೆ 288 ವ್ಯಾಟ್ ಸಿಗುತ್ತದೆ.

ನಿಜಕ್ಕೂ ಎಷ್ಟು ಬೇಕು ಅನ್ನುವುದನ್ನೂ ಲೆಕ್ಕ ಹಾಕಿದೆ. ನನ್ನ ಬ್ಯಾಟರಿಗಳು 4ಎಸ್ (ಒಳಗೆ ಸಾಲಾಗಿ ನಾಲ್ಕು ಸೆಲ್), ಸಾಮರ್ಥ್ಯ 1500 ಎಂಎಎಚ್ (1.5 ಆಂಪ್-ಅವರ್). 1ಸಿ ಲೆಕ್ಕದಲ್ಲಿ, ಅಂದರೆ ಸಾಮರ್ಥ್ಯದಷ್ಟೇ ಆಂಪ್ ಕೊಟ್ಟರೆ, ಒಂದಕ್ಕೆ 1.5 ಆಂಪ್. ತುಂಬಿದಾಗ 16.8 ವೋಲ್ಟ್, ಅಂದರೆ ಸುಮಾರು 25 ವ್ಯಾಟ್. ಹಲವು ಬ್ಯಾಟರಿಗಳನ್ನು ಒಟ್ಟಿಗೆ ಚಾರ್ಜ್ ಮಾಡುವ ಪ್ಯಾರಲಲ್ ಬೋರ್ಡಿನಲ್ಲಿ ನಾಲ್ಕು ಹಾಕಿದರೆ 100 ವ್ಯಾಟ್. ಚಾರ್ಜರ್ ತಾನೇ ಸ್ವಲ್ಪ ತಿನ್ನುತ್ತದೆ, 115 ಅಂತ ಹಿಡಿಯಿರಿ. ಮುಂದೆ 6ಎಸ್ ತಗೊಂಡರೂ ಸಾಲಲಿ ಅಂತ 350 ವ್ಯಾಟಿನದನ್ನು ಹುಡುಕಿದೆ.

ನಮ್ಮೂರಿನ ಸುಪರ್ ಮಾರ್ಕೆಟ್ ಪ್ರದೇಶದ ಕಡೆ ಎಲ್‌ಇಡಿ ಬೋರ್ಡಿನ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿದರೆ, “24 ಯಾಕ್ರೀ ಅಣ್ಣಾ? ಎಲ್ಲಾರೂ 12ರದ್ದೇ ಒಯ್ತಾರ” ಅಂದರು. ಎಲ್‌ಇಡಿ ಪಟ್ಟಿಗೆ ಅದು ಸರಿ, ನಮ್ಮ ಕೆಲಸಕ್ಕಲ್ಲ. ಕೊನೆಗೆ ಮೀನ್‌ವೆಲ್ ಕಂಪನಿಯ ಎಲ್‌ಆರ್‌ಎಸ್-350-24 ತರಿಸಿದೆ. 24 ವೋಲ್ಟ್, 14.6 ಆಂಪ್. ಹಳೇ ಸರ್ವರ್ ಪವರ್ ಸಪ್ಲೈ ಅಗ್ಗಕ್ಕೆ ಸಿಗುತ್ತದೆ ನಿಜ, ಆದರೆ ಅವು 12 ವೋಲ್ಟಿನವು, ಫ್ಯಾನಿನ ಸದ್ದು ಬೇರೆ. ಎರಡನ್ನು ಸೀರೀಸ್ ಮಾಡಿ, ಅಂದರೆ ಒಂದರ ಹಿಂದೆ ಒಂದು ಜೋಡಿಸಿ, 24 ಮಾಡುವವರಿದ್ದಾರೆ. ಅದರಲ್ಲಿ ಒಂದರ ಅರ್ತ್ ಬಿಡಿಸಬೇಕಾಗುತ್ತದೆ. ಮನೆಯಲ್ಲಿ ಮಕ್ಕಳಿರುವಾಗ ಆ ಗೋಜು ಬೇಡವೇ ಬೇಡ.

ಇನ್ನು ವೈರಿಂಗ್. ಇಲ್ಲಿ ಅವಸರ ಮಾಡಲೇಬಾರದು. ಡಬ್ಬಿಯ ಪಕ್ಕದ ಕಿಂಡಿಯಲ್ಲಿ 115/230 ಅಂತ ಪುಟ್ಟ ಸ್ವಿಚ್ ಇರುತ್ತದೆ. ಮೊದಲು ಅದು 230ರಲ್ಲಿದೆಯಾ ನೋಡಿ. 115ರಲ್ಲಿಟ್ಟು ನಮ್ಮ ಕರೆಂಟ್ ಕೊಟ್ಟರೆ ಅಲ್ಲಿಗೆ ಮುಗಿಯಿತು. ಎಲ್ (ಫೇಸ್), ಎನ್ (ನ್ಯೂಟ್ರಲ್), ಅರ್ತ್ ಮೂರಕ್ಕೂ 1.5 ಸ್ಕ್ವೇರ್‌ನ (ಚದರ ಮಿ.ಮೀ.) ಮೂರು ಕೋರ್ ಕೇಬಲ್ ಹಾಕಿದೆ. ತುದಿಗೆ ಲಗ್ (ವೈರಿಗೆ ಹಾಕುವ ಲೋಹದ ತುದಿ) ಒತ್ತಿದ್ದೇನೆ. ಬರೀ ಎಳೆಗಳನ್ನು ಸ್ಕ್ರೂ ಕೆಳಗೆ ಸುತ್ತಿದರೆ ದಿನ ಕಳೆದಂತೆ ಸಡಿಲವಾಗಿ ಬಿಸಿಯಾಗುತ್ತದೆ. ಅರ್ತ್ ಬಿಡಬೇಡಿ. ಡಬ್ಬಿ ಪೂರ್ತಿ ಲೋಹದ್ದು, ಒಳಗೆ ಏನಾದರೂ ಆದರೆ ಕೈಗೇ ಹೊಡೆಯುತ್ತದೆ. ಮನೆಯ ಸಾಕೆಟ್ಟಿನಲ್ಲಿ ಅರ್ತ್ ನಿಜವಾಗಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಔಟ್‌ಪುಟ್ಟಿಗೆ 2.5 ಸ್ಕ್ವೇರ್ ತಾಮ್ರದ ವೈರು, ತುದಿಗೆ ಎಕ್ಸ್‌ಟಿ60 ಕನೆಕ್ಟರ್. ಟರ್ಮಿನಲ್ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಯಾವಾಗಲೂ ಮುಚ್ಚಿರಬೇಕು.

ಚಾರ್ಜರ್ ಜೋಡಿಸುವ ಮುಂಚೆ ಮಲ್ಟಿಮೀಟರ್ ಇಟ್ಟು ಪ್ಲಸ್, ಮೈನಸ್, 24 ವೋಲ್ಟ್ ಮೂರನ್ನೂ ನೋಡುತ್ತೇನೆ. ಆಮೇಲೆ ಸ್ವಿಚ್ ಆರಿಸಿ, ಚಾರ್ಜರಿನ ಎಕ್ಸ್‌ಟಿ60 ಮೊದಲು ಸಿಕ್ಕಿಸಿ, ಗೋಡೆಯ ಸ್ವಿಚ್ ಕೊನೆಗೆ ಹಾಕುತ್ತೇನೆ. ಹೀಗೆ ಮಾಡಿದರೆ ಕನೆಕ್ಟರಿನಲ್ಲಿ ಕಿಡಿ ಹಾರುವುದಿಲ್ಲ. ವೋಲ್ಟೇಜ್ ತಿರುಗಿಸುವ ಸ್ಕ್ರೂ ಮುಟ್ಟಬೇಡಿ. ಅದು 28 ದಾಟುವವರೆಗೂ ಏರುತ್ತದೆ, ನನ್ನ ಚಾರ್ಜರಿನ ಮಿತಿಯೇ 28.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ 42, 43 ಡಿಗ್ರಿ ಮಾಮೂಲಿ. ಫ್ಯಾನ್ ಒಳಗೆ ಎಳೆಯುವುದೂ ಆ ಬಿಸಿ ಗಾಳಿಯನ್ನೇ ಅಲ್ವಾ? ಅದಕ್ಕೆ ಚಾರ್ಜರಿನ ಸೆಟ್ಟಿಂಗಿನಲ್ಲಿ ಇನ್‌ಪುಟ್ ಪವರನ್ನು 250 ವ್ಯಾಟಿಗೆ ಕಟ್ಟಿಹಾಕಿದ್ದೇನೆ. ಬೇಸಿಗೆಯಲ್ಲಿ ಬೆಳಗ್ಗೆ ಬೇಗ ಚಾರ್ಜ್ ಮಾಡುತ್ತೇನೆ. ಹಾರಿಸಿ ತಂದ ಬ್ಯಾಟರಿ ಪೂರ್ತಿ ತಣ್ಣಗಾಗುವವರೆಗೆ ಮುಟ್ಟುವುದಿಲ್ಲ. ಜಾಗ ಮಾತ್ರ ನಮಗೆ ಪುಕ್ಕಟೆ: ಮನೆ ತುಂಬಾ ಶಹಾಬಾದ್ ಕಲ್ಲಿನ ನೆಲ. ಸುತ್ತ ಬಟ್ಟೆ, ಪೇಪರ್ ಇಲ್ಲದ ಮೂಲೆ ನೋಡಿ ಕಲ್ಲಿನ ಮೇಲೇ ಇಡುತ್ತೇನೆ, ಎದ್ದು ಹೋಗುವುದಿಲ್ಲ.

ಸಂಜೆ ಕೂಲರುಗಳೆಲ್ಲ ಒಟ್ಟಿಗೆ ಓಡುವಾಗ ವೋಲ್ಟೇಜ್ ಇಳಿಯುತ್ತದೆ. ಈ ಪವರ್ ಸಪ್ಲೈಗೆ ಕಡಿಮೆ ಅಂದರೂ 180 ವೋಲ್ಟ್ ಬೇಕು. ಚಾರ್ಜರಿನಲ್ಲಿ ಇನ್‌ಪುಟ್ 22ಕ್ಕಿಂತ ಕೆಳಗಿಳಿದರೆ ನಿಲ್ಲು ಅಂತ ಇಟ್ಟಿದ್ದೇನೆ. ಹೊಲದ ಕಡೆ ಹೋದಾಗ ಅದೇ ಚಾರ್ಜರನ್ನು ಕಾರಿನ ಬ್ಯಾಟರಿಗೆ ಹಾಕುತ್ತೇನೆ. ಆಗ ಈ ಮಿತಿಯನ್ನು 12ಕ್ಕೆ, ಪವರನ್ನು 100 ವ್ಯಾಟಿಗೆ ಇಳಿಸಬೇಕು. ಕಾರಿನ ಬ್ಯಾಟರಿಯನ್ನು 12ಕ್ಕಿಂತ ಕೆಳಗಿಳಿಯಲು ಬಿಟ್ಟರೆ ವಾಪಸ್ ಬರಲು ಕಾರು ಸ್ಟಾರ್ಟ್ ಆಗಲಿಕ್ಕಿಲ್ಲ.