ರಜೆಯ ಗದ್ದಲದಲ್ಲಿ ದುರ್ಗದ ಬೆಟ್ಟ: ನೀರಿನ ಜಾಡು ಹಿಡಿದು ಸುತ್ತಿದ ಅನುಭವ

ಆಯುಧಪೂಜೆ, ವಿಜಯದಶಮಿಗಳ ಬೆನ್ನಿಗೆ ಶನಿವಾರ, ಭಾನುವಾರಗಳೂ ಕೂಡಿಬಂದರೆ ಚಿತ್ರದುರ್ಗದ ಕೋಟೆಗೆ ಬರುವ ಜನಕ್ಕೆ ಲೆಕ್ಕವೇ ಇರುವುದಿಲ್ಲ. ಬೆಂಗಳೂರಿನಿಂದ ನಮ್ಮೂರು ಸುಮಾರು 200 ಕಿಲೋಮೀಟರ್ ದೂರದಲ್ಲಿದ್ದು, ಪುಣೆಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 48ರಿಂದ ಹೊಸಪೇಟೆಯ ಕಡೆಯ ಹೆದ್ದಾರಿ 50 ಕವಲೊಡೆಯುವುದು ಇಲ್ಲಿಯೇ. ಹೀಗಾಗಿ ಹಂಪಿಗೆ ಹೊರಟವರಲ್ಲಿ ಬಹುಮಂದಿ ಬೆಳಗಿನ ಜಾವ ಮನೆ ಬಿಟ್ಟು, ದಾರಿಯಲ್ಲಿ ತಿಂಡಿ ಮುಗಿಸಿ, ಹತ್ತು ಗಂಟೆಯ ಹೊತ್ತಿಗೆ ಕೋಟೆಯ ಬಾಗಿಲಲ್ಲಿರುತ್ತಾರೆ. ಓಬವ್ವನ ಕಿಂಡಿ ಎಲ್ಲಿ ಎಂದು ಕೇಳುತ್ತ ನೇರವಾಗಿ ಅಲ್ಲಿಗೇ ನಡೆದು, ಊಟದ ವೇಳೆಗೆ ಇಳಿದು ಹೊರಟುಬಿಡುತ್ತಾರೆ. ಈ ಒಂದು ಸಂಗತಿಯನ್ನು ಗಮನದಲ್ಲಿಟ್ಟುಕೊಂಡರೆ ಎಂತಹ ಜನಜಂಗುಳಿಯ ದಿನವೂ ಬೆಟ್ಟವನ್ನು ಸಮಾಧಾನವಾಗಿ ನೋಡಬಹುದೆಂಬುದು ನನ್ನ ಅನುಭವ.

ಕಳೆದ ದಸರೆಯಲ್ಲಿ ಅಕ್ಕ, ಭಾವ, ಅವರ ಮಕ್ಕಳು ಮತ್ತು ಭಾವನ ತಾಯಿ ಮೈಸೂರಿನ ಗದ್ದಲ ಸಾಕೆಂದು ನಮ್ಮ ಮನೆಗೆ ಬಂದಿದ್ದರು. ಗದ್ದಲ ತಪ್ಪಿಸಿಕೊಳ್ಳಲು ದುರ್ಗಕ್ಕೆ ಬಂದವರನ್ನು ಹತ್ತು ಗಂಟೆಗೆ ಕೋಟೆಗೆ ಕರೆದೊಯ್ಯುವುದು ಸರಿಯಲ್ಲವಾದ್ದರಿಂದ ಬೆಳಗಾಗುತ್ತಿದ್ದಂತೆಯೇ ಹೊರಟೆವು. ಕೋಟೆಯ ಕಡೆಯ ಬೀದಿಗಳು ಇಕ್ಕಟ್ಟಾಗಿರುವುದರಿಂದ ಕಾರನ್ನು ಮನೆಯಲ್ಲೇ ಬಿಟ್ಟು ಆಟೋ ಹಿಡಿದೆವು. ಮಂಗಗಳ ಕಣ್ಣಿಗೆ ಬೀಳುವಂತೆ ಕೈಚೀಲದಲ್ಲಿ ಹಣ್ಣು, ಬಿಸ್ಕತ್ತು ಒಯ್ಯುವುದು ಬೇಡವೆಂದು ಮೊದಲೇ ಹೇಳಿದ್ದೆ.

ಮೊದಲ ಬಾಗಿಲಿನ ಏಳು ಹೆಡೆಯ ಸರ್ಪದ ಕೆತ್ತನೆಯನ್ನು ಮಾತ್ರ ನಿಂತು ನೋಡಿ, ದಾರಿಯಲ್ಲಿ ಸಿಗುವ ಉಳಿದುದನ್ನೆಲ್ಲ ಇಳಿಯುವಾಗ ನೋಡಿದರಾಯಿತೆಂದು ಹೇಳಿ ಮೇಲಕ್ಕೆ ನಡೆಸಿದೆ. "ಯಾಕಪ್ಪಾ ಇಷ್ಟು ಅವಸರ, ಕೋಟೆ ಎಲ್ಲಿಗೂ ಓಡಿಹೋಗಲ್ಲ" ಎಂದರು ಭಾವ. ಕೋಟೆ ಹೋಗುವುದಿಲ್ಲ, ನಿಜ. ಆದರೆ ಹತ್ತರ ನಂತರ ಓಬವ್ವನ ಕಿಂಡಿಯ ಮುಂದೆ ಪಟ ತೆಗೆಸಿಕೊಳ್ಳುವವರ ಸಾಲು ನಿಲ್ಲುತ್ತದೆ, ಬಂಡೆಯನ್ನು ನೋಡಲು ಎಡೆಯೇ ಸಿಗುವುದಿಲ್ಲ. ನಾವು ಹೋದಾಗ ಅಲ್ಲಿ ನಮ್ಮನ್ನು ಬಿಟ್ಟರೆ ಯಾರೂ ಇರಲಿಲ್ಲ. ಒಬ್ಬರು ಮೈ ಕುಗ್ಗಿಸಿ ನುಸುಳಬೇಕಾದ ಆ ಸಂದಿನಲ್ಲಿ ಮಕ್ಕಳು ಒಬ್ಬೊಬ್ಬರಾಗಿ ತೂರಿ ಬಂದ ಮೇಲೆ, ಹೈದರಾಲಿಯ ಸೈನಿಕರನ್ನು ಒನಕೆಯಿಂದ ಎದುರಿಸಿದ ಕಥೆಯನ್ನು ನಾನು ವಿವರಿಸಿ ಹೇಳಬೇಕಾದ ಅಗತ್ಯವೇ ಬೀಳಲಿಲ್ಲ.

ಆದರೆ ಆ ಕಥೆಯಲ್ಲಿ ಬಹುತೇಕರು ಗಮನಿಸದೆ ಬಿಡುವ ಒಂದು ಅಂಶವಿದೆ. ಗಂಡ ಊಟಕ್ಕೆ ಕುಳಿತಾಗ ಓಬವ್ವ ಹೊರಗೆ ಬಂದದ್ದು ಕುಡಿಯುವ ನೀರು ತರಲೆಂದು. ಆ ನೀರಿನ ತಾಣವಾದ ತಣ್ಣೀರು ದೋಣಿ ಕಿಂಡಿಯ ಸಮೀಪದಲ್ಲೇ ಇದೆ. ಕಾದಾಟದ ಕಥೆಯ ಬದಲು ನೀರಿನ ಜಾಡು ಹಿಡಿದು ನಡೆದರೆ ಈ ಬೆಟ್ಟ ಹೆಚ್ಚು ಅರ್ಥವಾಗುತ್ತದೆಂಬುದು ನನ್ನ ಅಭಿಪ್ರಾಯ. ಮಳೆ ಕಡಿಮೆ ಬೀಳುವ ಈ ಬಯಲುಸೀಮೆಯ ಬಂಡೆಗಳ ನಡುವೆ ಇಷ್ಟು ಜನ, ಇಷ್ಟು ಸೈನ್ಯ ಬದುಕಿದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಇರುವುದು ಹೊಂಡಗಳಲ್ಲಿ. ಅದೃಷ್ಟವಶಾತ್ ಆ ದಾರಿಯಲ್ಲಿ ಜನವೂ ವಿರಳ.

ಕಿಂಡಿಯಿಂದ ಗೋಪಾಲಸ್ವಾಮಿ ಹೊಂಡಕ್ಕೆ ಹೋದೆವು. ಸುತ್ತಲಿನ ಬಂಡೆಗಳ ಮೇಲೆ ಬಿದ್ದ ಮಳೆಯೆಲ್ಲ ಹರಿದು ಬಂದು ಇಲ್ಲಿ ನಿಲ್ಲುತ್ತದೆ. ಇದು ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಬೆಟ್ಟದ ಬುಡದ ಸಿಹಿನೀರು ಹೊಂಡಕ್ಕೆ, ಕಡೆಗೆ ಊರೊಳಗಿನ ಸಂತೆ ಹೊಂಡಕ್ಕೆ ಸೇರುವಂತೆ ನಾಯಕರ ಕಾಲದವರು ವ್ಯವಸ್ಥೆ ಮಾಡಿದ್ದರು. ಮಳೆಗಾಲ ಆಗಷ್ಟೇ ಮುಗಿದಿದ್ದರಿಂದ ಹೊಂಡದಲ್ಲಿ ನೀರು ಹಸಿರುಗಟ್ಟಿ ನಿಂತಿತ್ತು. ನೀರು ಹೊರಬೀಳುವ ಕಡೆಯನ್ನು ತೋರಿಸಿದ ಮೇಲೆ ಮಕ್ಕಳು, ಈ ಬಂಡೆಯ ನೀರು ಯಾವ ಕಡೆಗೆ ಇಳಿಯುತ್ತದೆ, ಆ ಬಂಡೆಯದು ಯಾವ ಕಡೆಗೆ ಎಂದು ತಾವೇ ವಾದಿಸತೊಡಗಿದರು. ಹೊಂಡದ ಅಂಚಿನಲ್ಲಿ ಪಾಚಿ ಇರುವುದರಿಂದ ಮಕ್ಕಳ ಕೈ ಬಿಡಬಾರದು, ನೀರಿಗಂತೂ ಇಳಿಯಲೇಬಾರದು.

ನಾವು ಇಳಿಯುವ ವೇಳೆಗೆ ಜನಪ್ರವಾಹ ಎದುರಿನಿಂದ ಏರಿ ಬರುತ್ತಿತ್ತು. ಎಲ್ಲರೂ ಮೇಲಕ್ಕೆ ಹೋಗುವ ಆತುರದಲ್ಲಿದ್ದುದರಿಂದ ಮದ್ದು ಬೀಸುವ ಕಲ್ಲುಗಳ ಬಳಿ ನಮಗೆ ಬೇಕಾದಷ್ಟು ಹೊತ್ತು ನಿಲ್ಲಲು ಸಾಧ್ಯವಾಯಿತು. ಮಂಡಿನೋವಿನ ಕಾರಣದಿಂದ ಬೆಟ್ಟ ಹತ್ತದೆ ಮನೆಯಲ್ಲೇ ಉಳಿದಿದ್ದ ಭಾವನ ತಾಯಿಯವರನ್ನು ಕರೆತಂದು ಸಂತೆ ಹೊಂಡವನ್ನು ತೋರಿಸಿದೆವು. ಮೇಲಿನಿಂದ ಹರಿದು ಬರುವ ನೀರಿನ ಕಡೆಯ ನಿಲ್ದಾಣವನ್ನು ಅವರಿಗೆ ವಿವರಿಸಿದ್ದು ಮೊಮ್ಮಕ್ಕಳೇ. ಆಮೇಲೆ ರೊಟ್ಟಿ, ಶೇಂಗಾ ಚಟ್ನಿಯ ಊಟ ಮುಗಿಸಿ ಬಿಸಿಲಿಳಿಯುವವರೆಗೆ ಮಲಗಿದೆವು. ಬಂಡೆ ಕಾಯುವ ಹೊತ್ತಿನಲ್ಲಿ ಇಲ್ಲಿ ತಿರುಗಾಡುವುದು ಜಾಣತನವಲ್ಲ.

ಸಂಜೆಗೆ ಚಂದ್ರವಳ್ಳಿಯನ್ನು ಇಟ್ಟುಕೊಂಡಿದ್ದೆ. 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದ, ರೋಮನ್ ನಾಣ್ಯಗಳು ದೊರೆತ ನೆಲ ಇದು. ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲಿನ ಪ್ರಾಕೃತ ಶಾಸನ ಹೇಳುವುದು ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ ಸಂಗತಿಯನ್ನು. ಅಂದರೆ ಇಲ್ಲಿನ ನೀರಿನ ಚಿಂತೆ ನಾಯಕರಿಗಿಂತ ಬಹಳ ಹಿಂದಿನದು. ಅಂಕಲಿ ಮಠದ ಗುಹೆಗಳೊಳಗೆ ಕತ್ತಲಿರುವುದರಿಂದ ಟಾರ್ಚ್ ಒಯ್ಯಬೇಕು, ಜಾಗ ಬಲ್ಲವರೊಬ್ಬರು ಜೊತೆಗಿರಬೇಕು.

ಮರುದಿನದ ಬೆಳಗನ್ನು ಜೋಗಿಮಟ್ಟಿಗೆ ಮೀಸಲಿಟ್ಟೆವು. 2015ರಲ್ಲಿ ವನ್ಯಜೀವಿಧಾಮವೆಂದು ಘೋಷಣೆಯಾದ ಈ ಗಿರಿಗೆ ಅರಣ್ಯ ಇಲಾಖೆಯ ಗೇಟನ್ನು ದಾಟಿಯೇ ಹೋಗಬೇಕು. ರಸ್ತೆ ಕಿರಿದಾಗಿ, ತಿರುವುಗಳಿಂದ ಕೂಡಿದೆ. ಎದುರಿನಿಂದ ವಾಹನ ಬಂದರೆ ಒಬ್ಬರು ಹಿಂದೆ ಸರಿಯಬೇಕಾಗುತ್ತದೆ. ಬೇಗ ಹೋದ ನಮಗೆ ಆ ತೊಂದರೆ ಬರಲಿಲ್ಲ. ತುದಿಯಲ್ಲಿ ಗಾಳಿ ಎಷ್ಟು ಬಲವಾಗಿತ್ತೆಂದರೆ, ಅತ್ತ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ಅಲ್ಲೇ ಏಕೆ ನೆಟ್ಟಿದ್ದಾರೆಂದು ಭಾವ ಕೇಳಲಿಲ್ಲ.

ಮಧ್ಯಾಹ್ನ ಊಟವಾದ ಕೂಡಲೇ ಅವರನ್ನು ಮೈಸೂರಿಗೆ ಹೊರಡಿಸಿದೆ. ರಜೆಯ ಕಡೆಯ ಸಂಜೆ ಬೆಂಗಳೂರಿನತ್ತ ವಾಹನಗಳು ಕಿಕ್ಕಿರಿಯುವುದರಿಂದ, ಹಿರಿಯೂರಿನವರೆಗೆ ಮಾತ್ರ ಹೆದ್ದಾರಿ 48ರಲ್ಲಿ ಹೋಗಿ, ಅಲ್ಲಿಂದ ಹುಳಿಯಾರು, ನಾಗಮಂಗಲದ ರಸ್ತೆ ಹಿಡಿಯುವಂತೆ ಭಾವನಿಗೆ ಹೇಳಿದ್ದೆ.